ಮಿರಜದ ದಾರಿಯೂ ಎರಡನೆಯ ಅಭಿಪ್ರಾಯವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ವೈದ್ಯರೊಬ್ಬರು ಕ್ಯಾನ್ಸರೆಂದು ನುಡಿದೊಡನೆ ‘ಮಿರಜಕ್ಕೊಮ್ಮೆ ತೋರಿಸಿಕೊಂಡು ಬರೋಣ’ ಎಂದು ಮನೆಯ ಹಿರಿಯರು ಹೇಳುವುದು ಇಂದುನಿನ್ನೆಯ ರೂಢಿಯಲ್ಲ. 1894ರಲ್ಲಿ ವಿಲಿಯಂ ವಾನ್‌ಲೆಸ್ ಅಲ್ಲಿ ಮಿಶನ್ ದವಾಖಾನೆಯನ್ನು ಸ್ಥಾಪಿಸಿದಾಗ ಮಿರಜವೂ ಜಮಖಂಡಿಯೂ ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದವು. ಸಂಸ್ಥಾನಗಳಳಿದು ರಾಜ್ಯದ ಗಡಿ ನಡುವೆ ಬಂದರೂ ರೋಗಿಗಳ ದಾರಿ ಬದಲಾಗಲಿಲ್ಲ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಆಸ್ಪತ್ರೆಗಳು ಆಮೇಲೆ ಸೇರಿಕೊಂಡವು.

ರೂಢಿ ಶ್ಲಾಘ್ಯವಾದುದೇ, ಅದರ ಆಚರಣೆಯಲ್ಲಿ ಮಾತ್ರ ದೊಡ್ಡದೊಂದು ಲೋಪವಿದೆ. ನಮ್ಮವರು ರೋಗಿಯನ್ನು ಕರೆದೊಯ್ಯುತ್ತಾರೆ, ಫೈಲನ್ನು ಒಯ್ಯುತ್ತಾರೆ, ರೋಗನಿರ್ಣಯಕ್ಕೆ ಮೂಲಾಧಾರವಾದ ಸ್ಲೈಡನ್ನು ಮಾತ್ರ ಪ್ರಯೋಗಶಾಲೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಗಂಟಿನಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಅತಿಸೂಕ್ಷ್ಮವಾದ ಪದರುಗಳಾಗಿ ಸೀಳಿ, ಬಣ್ಣವೂಡಿ, ಸೂಕ್ಷ್ಮದರ್ಶಕದಡಿ ಓದುವ ರೋಗಶಾಸ್ತ್ರಜ್ಞನ ಮಾತಿನ ಮೇಲೆಯೇ ಮುಂದಿನ ಶಸ್ತ್ರಕ್ರಿಯೆ, ಔಷಧ, ವಿಕಿರಣಗಳೆಲ್ಲ ನಿಂತಿರುವುದರಿಂದ, ಆ ಓದೇ ತಪ್ಪಿದ್ದರೆ ಮಿಕ್ಕುದೆಲ್ಲವೂ ತಪ್ಪುವ ಸಂಭವವುಂಟು. ಸ್ತನದ ಕ್ಯಾನ್ಸರಿನಲ್ಲಂತೂ ಹಾರ್ಮೋನು ಗ್ರಾಹಕಗಳು ಇವೆಯೋ ಇಲ್ಲವೋ, ಹರ್-2 ಎಂಬ ಪ್ರೋಟೀನು ಹೆಚ್ಚಿದೆಯೋ ಇಲ್ಲವೋ ಎಂಬುದರ ಮೇಲೆ ಔಷಧವೇ ಬೇರೆಯಾಗುತ್ತದೆ. ಹಳೆಯ ವರದಿಯನ್ನಷ್ಟೇ ನೋಡಿ ತಲೆದೂಗಿದ ಎರಡನೆಯ ಅಭಿಪ್ರಾಯ ಮೊದಲನೆಯದರ ಪ್ರತಿಧ್ವನಿಯಾದೀತೇ ಹೊರತು ಪರೀಕ್ಷೆಯಾಗಲಾರದು. ಮೇಣದ ಬ್ಲಾಕು ವರ್ಷಗಟ್ಟಲೆ ಕೆಡದೆ ಉಳಿಯುವುದರಿಂದ ಮರು ಓದಿಗೆಂದು ರೋಗಿಯ ಮೈಗೆ ಮತ್ತೆ ಸೂಜಿ ಚುಚ್ಚುವ ಪ್ರಸಂಗ ವಿರಳ. (ಸೂಜಿ ಹಾಕಿದರೆ ಬೇನೆ ಹಬ್ಬುವುದೆಂಬ ಭಯದಿಂದ ತುಣುಕನ್ನೇ ತೆಗೆಯಗೊಡದವರೂ ಇದ್ದಾರೆ, ಅವರಿಗೆ ಮೊದಲನೆಯ ಅಭಿಪ್ರಾಯವೇ ದಕ್ಕಿಲ್ಲವಷ್ಟೆ.)

ಕಾಲವೂ ವಿಚಾರಣೀಯ. ಎರಡು ಸಲ ಕೀಮೋ ಆದಮೇಲೆ ಹೊರಡುವುದರಲ್ಲಿ ಅರ್ಥ ಕಡಿಮೆ, ಏಕೆಂದರೆ ಗಂಟಿನ ಮೂಲಸ್ವರೂಪ ಆಗಲೇ ಮಾರ್ಪಟ್ಟಿರುತ್ತದೆ. ಬಹುಪಾಲು ಗಡ್ಡೆಗಳಲ್ಲಿ ಒಂದೆರಡು ವಾರದ ವಿಳಂಬದಿಂದ ಕೇಡಿಲ್ಲ. ತೀವ್ರ ರಕ್ತಕ್ಯಾನ್ಸರಿಗಾಗಲಿ ಉಸಿರುಗಟ್ಟಿಸುವ ಗಡ್ಡೆಗಾಗಲಿ ಈ ಮಾತು ಸಲ್ಲದು.

ಮಗ್ಗ ನಿಂತರೆ ಕೂಲಿ ನಿಲ್ಲುವ ನೇಕಾರನಿಗೆ ಪ್ರಯಾಣವೇ ಭಾರ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ಡಿನೊಡನೆ ಕೂಡಿ ನಡೆಯುವ ‘ನವ್ಯ’ ಸೇವೆ ಅಂತರ್ಜಾಲದ ಮೂಲಕವೇ ಕಾಗದಪತ್ರಗಳನ್ನು ತರಿಸಿಕೊಂಡು ತಜ್ಞರ ಲಿಖಿತ ಅಭಿಪ್ರಾಯ ಕೊಡುತ್ತದೆ. ಅನುಕೂಲವೇ ಸರಿ, ಆದರೆ ಕಾಗದವನ್ನು ಓದಿದ ಮಾತ್ರಕ್ಕೆ ಸ್ಲೈಡನ್ನು ಓದಿದಂತಾಗದು. ಇನ್ನು ‘ಕತ್ತರಿ ಬೇಡ’ ಎನ್ನುವವರು ಸಿಗುವತನಕ ದವಾಖಾನೆಯಿಂದ ದವಾಖಾನೆಗೆ ಅಲೆಯುವುದನ್ನು ನಾನು ಎರಡನೆಯ ಅಭಿಪ್ರಾಯವೆಂದು ಒಪ್ಪಲಾರೆ.

ಆದುದರಿಂದ ಹೊರಡುವವರು, ಮೊದಲ ಡಾಕ್ಟರಿಗೆ ಸಿಟ್ಟು ಬಂದೀತೆಂದು ಅಳುಕದೆ, ಬ್ಲಾಕು, ಸ್ಲೈಡು, ಸ್ಕ್ಯಾನಿನ ಸೀಡಿ ಮೂರನ್ನೂ ಕೇಳಿ ಪಡೆದುಕೊಂಡೇ ಮಿರಜದ ಬಸ್ಸು ಹತ್ತಬೇಕು.