ಭಜ್ಜು ಶ್ಯಾಮ್ ಅವರ ಮರಗಳು: ಹಾಡಿನಿಂದ ಚಿತ್ರಕ್ಕೆ

ಮಧ್ಯಪ್ರದೇಶದ ಪಾಟನಗಢದಲ್ಲಿ 1971ರಲ್ಲಿ ಜನಿಸಿದ ಭಜ್ಜು ಶ್ಯಾಮ್ ಅವರ ವೃಕ್ಷಚಿತ್ರಗಳನ್ನು ಆದಿವಾಸಿಗಳ ಮುಗ್ಧ ನಿಸರ್ಗಪ್ರೇಮದ ಅಭಿವ್ಯಕ್ತಿಯೆಂದು ಬಣ್ಣಿಸುವುದು ವಾಡಿಕೆ. ಈ ಗ್ರಹಿಕೆ ಮರುಪರಿಶೀಲನೆಗೆ ಅರ್ಹವಾಗಿದೆ.

ಭಜ್ಜು ಪರ್ಧಾನ ಸಮುದಾಯದವರು. ಬಾನಾ ಎಂಬ ತಂತಿವಾದ್ಯವನ್ನು ನುಡಿಸುತ್ತ ಗೊಂಡರ ದೈವಕಥನ, ವಂಶಕಥನಗಳನ್ನು ಹಾಡುವುದು ಈ ಸಮುದಾಯದ ಕುಲವೃತ್ತಿ. ಸಾಜಾ, ಅಂದರೆ ಮತ್ತಿಮರ, ಗೊಂಡರ ಹಿರಿಯ ದೈವವಾದ ಬಡಾದೇವನ ನೆಲೆ. ಆದ್ದರಿಂದ ಇಲ್ಲಿ ಮರವು ಕೇವಲ ನೋಟದ ವಸ್ತುವಲ್ಲ, ಕಥನದ ಆಸರೆ. ಭಜ್ಜು ಅವರ ಹಿರಿಯ ಬಂಧು ಜನಗಢ್ ಸಿಂಗ್ ಶ್ಯಾಮ್ 1980ರ ದಶಕದಲ್ಲಿ ಭೋಪಾಲದ ಭಾರತ ಭವನಕ್ಕೆ ಬಂದು, ಈ ಮೌಖಿಕ ಲೋಕಕ್ಕೆ ಕಾಗದ ಮತ್ತು ಕ್ಯಾನ್‌ವಾಸಿನ ದಾರಿ ತೆರೆದರು.

ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅವರೊಡನೆ ಭಜ್ಜು ರಚಿಸಿದ ‘ದ ನೈಟ್ ಲೈಫ್ ಆಫ್ ಟ್ರೀಸ್’ ಕೃತಿಯನ್ನು ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಪ್ರಕಟಿಸಿತು. ಕಪ್ಪು ಕಾಗದದ ಮೇಲೆ ಮೂಡಿದ ಪ್ರತಿಯೊಂದು ಮರದ ಜೊತೆಗೂ ಅದರ ಕಥೆ ಇದೆ. ರೂಪದ ಒಳಗನ್ನು ಗೆರೆ, ಚುಕ್ಕೆಗಳಿಂದ ತುಂಬುವ ಬಗೆಯಲ್ಲಿ ಒಬ್ಬೊಬ್ಬ ಕಲಾವಿದರ ಕೈಗುರುತೂ ಬೇರೆಯಾಗಿದೆ. ಪರಂಪರೆಯೆಂದರೆ ಅನಾಮಿಕತೆ ಎಂಬ ನಂಬಿಕೆಯನ್ನು ಇದು ಅಲ್ಲಗಳೆಯುತ್ತದೆ.

ಆದರೆ ಕೃತಿಗೊಂದು ಮಿತಿಯೂ ಇದೆ. ದೀರ್ಘ ಹಾಡುಗಬ್ಬದ ಲೋಕ ಇಲ್ಲಿ ಇಂಗ್ಲಿಷಿನ ಕಿರುಗದ್ಯವಾಗಿ ಉಳಿದಿದೆ. ಬಾನಾದ ದನಿ ಪುಟಕ್ಕೆ ಬಂದಿಲ್ಲ. ಆ ಕಿರುಗದ್ಯವನ್ನೂ ಕಳಚಿ, ಮರವನ್ನಷ್ಟೇ ಗೋಡೆಯ ಅಲಂಕಾರವಾಗಿಸಿದಾಗ ಉಳಿಯುವುದು ವಿನ್ಯಾಸ ಮಾತ್ರ. 2018ರಲ್ಲಿ ಭಜ್ಜು ಅವರಿಗೆ ಪದ್ಮಶ್ರೀ ಸಂದಿತು. ಚಿತ್ರಕಾರನಿಗೆ ದೊರೆತ ಈ ಮನ್ನಣೆ ಹಾಡುಗಾರನಿಗೂ ದೊರೆಯಬೇಕಾದರೆ, ಜಾನಪದ ವಿಮರ್ಶೆಯು ಚಿತ್ರವನ್ನು ನೋಡುವುದರ ಜೊತೆಗೆ ಅದರ ಹಿಂದಿನ ಹಾಡನ್ನೂ ಕೇಳಿ ದಾಖಲಿಸಬೇಕಾಗುತ್ತದೆ.