ಕಲಿಯುವ ಯಂತ್ರ, ಕೆದಕುವ ಹಕ್ಕಿ

2011ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನೆಸ್ಟ್ ಥರ್ಮೋಸ್ಟಾಟ್, ಎಂದರೆ ಮನೆಯೊಳಗಿನ ಉಷ್ಣತೆಯನ್ನು ಗೊತ್ತುಮಾಡಿದ ಮಟ್ಟದಲ್ಲಿ ಕಾಯುವ ನಿಯಂತ್ರಕ, ಸ್ಮಾರ್ಟ್ ಹೋಮ್ ಸಾಧನಗಳ ನಡುವೆ ಗಳಿಸಿಕೊಂಡ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು. ಅದನ್ನು ರೂಪಿಸಿದ ಟೋನಿ ಫ್ಯಾಡೆಲ್ ಅವರ ಐಪಾಡ್ ಹಿನ್ನೆಲೆ, 2014ರಲ್ಲಿ ಆ ಕಂಪನಿಯನ್ನು ಕೊಳ್ಳಲು ಗೂಗಲ್ ತೆತ್ತ 320 ಕೋಟಿ ಡಾಲರ್, ಆ ದುಂಡುಮುಖದ ಚೆಲುವು ಎಲ್ಲರಿಗೂ ತಿಳಿದವೇ. ತಕರಾರಿರುವುದು ಅದು ಕಲಿಯುತ್ತದೆ ಎಂಬ ಹೊಗಳಿಕೆಯ ಬಗ್ಗೆ.

ಆ ಕಲಿಕೆಯ ಬಹುಪಾಲು, ಮನೆಯವರು ಯಾವ ಹೊತ್ತಿಗೆ ಎಷ್ಟು ಡಿಗ್ರಿಗೆ ತಿರುಗಿಸಿದರೆಂಬುದನ್ನು ನೆನಪಿಟ್ಟು ವೇಳಾಪಟ್ಟಿ ಕಟ್ಟುವುದರಲ್ಲಿ ಮತ್ತು ಚಲನೆಯನ್ನು ಗ್ರಹಿಸುವ ಸಂವೇದಕಕ್ಕೆ ಯಾರೂ ಕಾಣದಿದ್ದಾಗ ಮನೆ ಖಾಲಿಯೆಂದು ಬಗೆಯುವುದರಲ್ಲಿದೆ. ಮನೆ ಎಷ್ಟು ಬೇಗ ಬಿಸಿಯಾಗುತ್ತದೆಂದು ಅದು ಲೆಕ್ಕ ಹಾಕುತ್ತದೆಂಬುದನ್ನು ಒಪ್ಪಬೇಕು. ಆದರೆ ಆ ಬಿಸಿ ಎಲ್ಲಿಂದ ಬಂತೆಂಬ ಪ್ರಶ್ನೆ ಆ ಕಲಿಕೆಯಲ್ಲಿ ಮುಖ್ಯವಲ್ಲ.

ಆಸ್ಟ್ರೇಲಿಯಾದ ದಕ್ಷಿಣ ಭಾಗದ ಒಣ ಕುರುಚಲು ಕಾಡಿನ ಮ್ಯಾಲೀಫೌಲ್ ಎಂಬ ಹಕ್ಕಿಗೆ ಇದೇ ಮುಖ್ಯ ಪ್ರಶ್ನೆ. ಗಂಡುಹಕ್ಕಿ ತರಗೆಲೆ ಮತ್ತು ಮರಳಿನ ದೊಡ್ಡ ದಿಬ್ಬ ಕಟ್ಟಿ, ಅದರಲ್ಲಿ ಹೂತ ಮೊಟ್ಟೆಗಳಿಗೆ ಸುಮಾರು 33 ಡಿಗ್ರಿ ಶಾಖವನ್ನು ತಿಂಗಳುಗಟ್ಟಲೆ ಕಾಯುತ್ತದೆ. ಅಳತೆಗೆ ಅದರ ಕೊಕ್ಕೇ ಸಾಧನ. ವಸಂತದಲ್ಲಿ ಶಾಖ ಕೊಳೆಯುವ ಎಲೆಗಳಿಂದ ಬರುವುದರಿಂದ, ಹಕ್ಕಿ ದಿಬ್ಬವನ್ನು ಕೆದಕಿ ತೆರೆದರೆ ಅದು ತಂಪಾಗುತ್ತದೆ. ಶರತ್ಕಾಲದಲ್ಲಿ ಎಲೆಯ ಕಾವು ಮುಗಿದು ಬಿಸಿಲೊಂದೇ ಆಸರೆಯಾಗುವುದರಿಂದ, ಅದೇ ಕೆದಕುವಿಕೆ ಮರಳನ್ನು ಬಿಸಿಲಿಗೆ ಹರಡಿ ದಿಬ್ಬವನ್ನು ಬೆಚ್ಚಗಾಗಿಸುತ್ತದೆ. ಒಂದೇ ಕ್ರಿಯೆ ಋತುವಿಗೆ ತಕ್ಕಂತೆ ಎದುರು ಫಲ ಕೊಡುವ ಇಂಥಲ್ಲಿ, ಹಿಂದಿನ ತಿಂಗಳ ಅಭ್ಯಾಸದಿಂದ ಕಟ್ಟಿದ ವೇಳಾಪಟ್ಟಿ ಮೊಟ್ಟೆಗಳನ್ನು ಕೊಂದೇಬಿಡುತ್ತಿತ್ತು. 1950ರ ದಶಕದಲ್ಲಿ ಪಕ್ಷಿವಿಜ್ಞಾನಿ ಎಚ್. ಜೆ. ಫ್ರಿತ್ ದಿಬ್ಬದೊಳಗೆ ವಿದ್ಯುತ್ ಹೀಟರ್ ಹೂತು ಶಾಖವನ್ನು ಏರಿಳಿಸಿದಾಗಲೂ ಹಕ್ಕಿ ತನ್ನ ಕೆಲಸವನ್ನು ಅದಕ್ಕೆ ಹೊಂದಿಸಿಕೊಂಡಿತು.

ಹಾಗೆಂದು ಜೀವಿಗಳ ಗೂಡುಗಳನ್ನು ಹೊಗಳುವ ವಿಮರ್ಶಕರೆಲ್ಲರೂ ಸರಿದಾರಿಯಲ್ಲಿದ್ದಾರೆಂದಲ್ಲ. ಮಿಕ್ ಪಿಯರ್ಸ್ ಹುತ್ತದಿಂದ ಪ್ರೇರಿತರಾಗಿ ವಿನ್ಯಾಸಗೊಳಿಸಿದ, ಜಿಂಬಾಬ್ವೆಯ ಹರಾರೆಯ ಈಸ್ಟ್‌ಗೇಟ್ ಕಟ್ಟಡ 1996ರಲ್ಲಿ ತೆರೆದಂದಿನಿಂದ, ಗೆದ್ದಲಿನ ಹುತ್ತವೆಂದರೆ ನಿಸರ್ಗದ ಏರ್ ಕಂಡೀಷನರ್ ಎಂಬ ಮಾತು ವಾಸ್ತು ಬರಹಗಳಲ್ಲಿ ಮಂತ್ರದಂತೆ ಮರುಕಳಿಸುತ್ತಿದೆ. ಕಟ್ಟಡ ಚೆನ್ನಾಗಿಯೇ ಇದೆ, ಕೆಟ್ಟಿರುವುದು ಅದರ ವ್ಯಾಖ್ಯಾನ. ಹುತ್ತ ಉಷ್ಣತೆಯನ್ನು ನಿಯಂತ್ರಿಸುತ್ತದೆಂಬ ಊಹೆಯನ್ನು ಸಂಶೋಧಕರಾದ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ 2008ರಲ್ಲೇ ಪ್ರಶ್ನಿಸಿದ್ದರು. ಎಲ್. ಮಹಾದೇವನ್ ಮತ್ತು ಸಂಗಡಿಗರು ಬೆಂಗಳೂರಿನ ಹುತ್ತಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಗಲು ಹೊರಮೈಯ ಏಣುಗಳು ಒಡಲಿಗಿಂತ ಬೇಗ ಕಾದು, ಇರುಳು ಬೇಗ ಆರುವುದರಿಂದ ಒಳಗಾಳಿಯ ಸುತ್ತು ದಿಕ್ಕು ಬದಲಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗುವುದಕ್ಕೆ ಇದೇ ಹಾದಿ. ಥರ್ಮೋಸ್ಟಾಟ್ ಅಳಿಸಲು ಹೆಣಗುವ ಏರಿಳಿತವೇ ಹುತ್ತಕ್ಕೆ ಉಸಿರು. ಬೆಂಗಳೂರಿನ ಬಯಲಿನಲ್ಲಿ ದೊರೆತ ಈ ವಿವರವನ್ನು ಕಡೆಗಣಿಸಿ ಹರಾರೆಯ ದೃಷ್ಟಾಂತವನ್ನೇ ಉದ್ಧರಿಸುವುದು ವಿಮರ್ಶೆಯ ಸೋಮಾರಿತನ.

ನೆಸ್ಟ್ ಹೊಗಳಿಕೆಯೂ ಇದೇ ಸೋಮಾರಿತನದ ಫಲ. ಬಿಸಿಗಾಳಿ, ತಂಪುಗಾಳಿಯ ಯಂತ್ರಗಳನ್ನು ನಡೆಸುವುದು, ನಿಲ್ಲಿಸುವುದು ಬಿಟ್ಟರೆ ಕಿಟಕಿ ತೆರೆಯುವ, ಪರದೆ ಸರಿಸುವ ಕೆಲಸವಾವುದೂ ಅದರ ಕೈಯಲ್ಲಿಲ್ಲ. ಮೊದಲೆರಡು ಪೀಳಿಗೆಯ ಸಾಧನಗಳಿಗೆ 2025ರ ಅಕ್ಟೋಬರ್‌ನಲ್ಲಿ ಗೂಗಲ್ ಫೋನ್ ಸಂಪರ್ಕವನ್ನು ನಿಲ್ಲಿಸಿದ ಮೇಲೆ, ಉಷ್ಣತೆ ಬದಲಿಸಬೇಕೆಂದರೆ ಅವುಗಳ ಮುಂದೆ ನಿಂತು ಕೈಯಿಂದಲೇ ತಿರುಗಿಸಬೇಕಾಗಿದೆ. ಹನಿವೆಲ್ ಕಂಪನಿಯ 1953ರ ದುಂಡು ಥರ್ಮೋಸ್ಟಾಟನ್ನು ಬಳಸುತ್ತಿದ್ದುದೂ ಹೀಗೆಯೇ.