ಎಲೆಯ ಸಾಕ್ಷಿ, ಚಿತ್ರದ ಸಾಕ್ಷಿ

ಶರದೃತುವೆಂದೊಡನೆ ನಮ್ಮ ಮನಸ್ಸು ನೆನೆಯುವುದು ತಿಳಿಯಾದ ಆಕಾಶವನ್ನು, ಬೆಳದಿಂಗಳನ್ನು. ಎಲೆಯುದುರುವ ಕಾಲ ನಮಗೆ ಶಿಶಿರ. ಉತ್ತರ ಅಮೆರಿಕದ ಪೂರ್ವಭಾಗದಲ್ಲಾದರೋ ಶರತ್ಕಾಲದಲ್ಲಿಯೇ ಬೆಟ್ಟಗಳ ಕಾಡು ಕೆಂಪು, ಕಿತ್ತಳೆ, ಹೊಂಬಣ್ಣಗಳನ್ನು ತಳೆಯುತ್ತದೆ. ಕಾಣದವರಿಗೆ ಅದನ್ನು ಕಾಣಿಸುವುದೆಂತು? ಈ ಪ್ರಶ್ನೆಯನ್ನು ಎದುರಿಸಿದ ಕೃತಿ ಜಾಸ್ಪರ್ ಫ್ರಾನ್ಸಿಸ್ ಕ್ರಾಪ್ಸಿಯ (1823–1900) ‘ಶರತ್ಕಾಲ: ಹಡ್ಸನ್ ನದಿಯ ಮೇಲೆ’ ಎಂಬ ತೈಲಚಿತ್ರ.

ಕ್ರಾಪ್ಸಿ ವಾಸ್ತುಶಿಲ್ಪದಲ್ಲಿ ಪಳಗಿ ಚಿತ್ರಕಲೆಗೆ ಬಂದವನು, ಇಟಲಿಯಲ್ಲಿ ಸಂಚರಿಸಿದವನು, 1856ರಿಂದ 1863ರವರೆಗೆ ಲಂಡನ್ನಿನಲ್ಲಿ ನೆಲೆಸಿದ್ದವನು. ನಿಸರ್ಗದ ನಡುವೆಯೇ ಕುಳಿತು ರೇಖಿಸುವ ಅಭ್ಯಾಸ ಅವನಿಗಿದ್ದಿತು. ಆದರೆ 1860ರ ಈ ಚಿತ್ರವನ್ನು ಅವನು ಬರೆದುದು ಲಂಡನ್ನಿನಲ್ಲಿ, ನೆನಪಿನ ಬಲದಿಂದ. ಸುಮಾರು 5 ಅಡಿ ಎತ್ತರ, 9 ಅಡಿ ಅಗಲದ ಈ ಪಟ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಮುಂಭಾಗದಲ್ಲಿ ಬೇಟೆಗಾರರು, ನಾಯಿಗಳು. ಕೆಳಗೆ ತೊರೆ, ಮರದ ಮನೆ, ಸೇತುವೆಯ ಮೇಲೆ ಮಕ್ಕಳು, ನೀರಿನಲ್ಲಿ ನಿಂತ ದನಗಳು. ದೂರದಲ್ಲಿ ನದಿ ಮತ್ತು ಸ್ಟಾರ್ಮ್ ಕಿಂಗ್ ಪರ್ವತ.

ಇಂತಹ ಬಣ್ಣಗಳುಂಟೇ ಎಂಬ ಶಂಕೆಗೆ ಉತ್ತರವಾಗಿ ಅವನು ಅಮೆರಿಕದ ಎಲೆಗಳನ್ನೇ ಚಿತ್ರದ ಪಕ್ಕದಲ್ಲಿ ಪ್ರದರ್ಶಿಸಿದನು. ಎಲೆಯ ಹರಿತ್ತು ಕುಂದಿದಾಗ ಅಡಗಿದ್ದ ಹಳದಿ ಹೊರಬೀಳುವುದು. ಕೆಂಪು ಮೇಪಲ್‌ನಂತಹ ಮರಗಳಲ್ಲಿ ಕೆಂಬಣ್ಣ ಆ ದಿನಗಳಲ್ಲಿಯೇ ಹೊಸದಾಗಿ ಹುಟ್ಟುವುದು. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಅವನ ವರ್ಣ ಅತಿಶಯೋಕ್ತಿಯಲ್ಲ, ಸ್ವಭಾವೋಕ್ತಿ.

ಆದರೂ ಎಲೆಯ ಸಾಕ್ಷಿ ವರ್ಣಕ್ಕೆ ಮಾತ್ರ ಸಲ್ಲುತ್ತದೆ. ಮೋಡದಿಂದಿಳಿದು ನೀರು, ಕಾಡು, ಬೆಟ್ಟಗಳನ್ನು ಒಂದುಗೂಡಿಸುವ ಬೆಳಕಿಗೆ ಯಾವ ಎಲೆಯೂ ಸಾಕ್ಷಿಯಾಗಲಾರದು. ಅದಕ್ಕೆ ಚಿತ್ರವೇ ಪ್ರಮಾಣ. ಈ ಕೃತಿಯ ಹಿರಿಮೆ ಇರುವುದು ಅಲ್ಲಿ.

ಕೊರತೆಯೂ ಉಂಟು. ಇಲ್ಲಿ ಯಾರಿಗೂ ಚಳಿಯಿಲ್ಲ, ಆತಂಕವಿಲ್ಲ; ಇಳಿಗಾಲದ ಅಳುಕು ಎಲ್ಲಿಯೂ ಸುಳಿಯದು. ಬಯಲಿನಲ್ಲಿ ಕುಳಿತು ಬರೆದಿದ್ದರೆ ಮೈ ಸೋಕಿದ ಗಾಳಿಯನ್ನು ಕುಂಚ ಮರೆಯುತ್ತಿರಲಿಲ್ಲವೇನೋ. ದೂರದಿಂದ ನೆನೆದ ತಾಯ್ನಾಡು ದೋಷರಹಿತವಾಗಿಬಿಡುತ್ತದೆ. ಮನೆ, ಮಕ್ಕಳು, ದನಕರು, ಕುರಿಗಳೆಲ್ಲ ಸುಖದ ಪಟ್ಟಿಯೊಂದನ್ನು ಭರ್ತಿ ಮಾಡಲು ಬಂದಂತಿವೆ. ಬೆಟ್ಟದ ಮೌನಕ್ಕೆ ಇಷ್ಟು ಮಾತು ಬೇಕಿರಲಿಲ್ಲ.

ಆದರೆ ಈ ದೋಷ ಪ್ರೀತಿಯಿಂದ ಹುಟ್ಟಿದುದು. ಪಕ್ಕದಲ್ಲಿಟ್ಟ ಎಲೆಗಳು ಬೇಗನೆ ಬಾಡುವಂಥವು; ಅವು ಸಮರ್ಥಿಸಿದ ಬಣ್ಣ ಪಟದಲ್ಲಿ ಇಂದಿಗೂ ಉಳಿದಿದೆ. ಕಂಡುದನ್ನು ಕಾಣದವರಿಗೆ ಮುಟ್ಟಿಸಬೇಕೆಂಬ ಹಂಬಲವುಳ್ಳವರೆಲ್ಲರೂ ಈ ಚಿತ್ರದೆದುರು ಒಂದಿಷ್ಟು ಹೊತ್ತು ನಿಲ್ಲಬೇಕು.